ಮನಸ್ಸು ಅಡಗಿದಾಗ ಉಳಿಯುವವನು ಯಾರು?

ಮನಸ್ಸೂ ಆತ್ಮವೂ ಒಂದೇ ವಸ್ತುವಿನ ಎರಡು ಹೆಸರುಗಳೋ, ಇಲ್ಲವೆ ಒಂದರೊಡನೊಂದು ಬೆರೆತು ಒಂದೇ ಎಂಬಂತೆ ತೋರುವ ಎರಡು ಭಿನ್ನ ತತ್ತ್ವಗಳೋ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ನಮ್ಮ ದಾರ್ಶನಿಕರು, ಅದರ ನಿರ್ಣಯಕ್ಕಾಗಿ, ರಾಜನಿಗೂ ಕೂಲಿಯವನಿಗೂ, ಪಂಡಿತನಿಗೂ ಹಸುಳೆಗೂ ಇರುಳಿರುಳೂ ಸಮನಾಗಿ ಒದಗತಕ್ಕ ಒಂದು ಅವಸ್ಥೆಯನ್ನೇ ಸಾಕ್ಷ್ಯಕ್ಕೆ ಕರೆದರು. ಅದು ಕನಸೂ ಇಲ್ಲದ ಗಾಢನಿದ್ರೆ. ಶಾಸ್ತ್ರದ ಮಾತಿನಲ್ಲಿ ಸುಷುಪ್ತಿ. ಎಚ್ಚರದಲ್ಲಿ ಮನಸ್ಸು ಬೇರೆ, ನಾನು ಬೇರೆ ಎಂದು ಎಷ್ಟು ಹೇಳಿದರೂ ಬಿಡಿಸಿ ತೋರಿಸುವುದು ದುಸ್ಸಾಧ್ಯ. ಏಕೆಂದರೆ ನಾನಿರುವಲ್ಲೆಲ್ಲ ಮನಸ್ಸೂ ಇದ್ದೇ ಇರುತ್ತದೆ. ಆದರೆ ಮನಸ್ಸು ತನ್ನ ಸಮಸ್ತ ವ್ಯಾಪಾರವನ್ನೂ ಮುಚ್ಚಿ ಅಡಗಿಹೋದ ಆ ಗಳಿಗೆಗಳಲ್ಲಿ ನಾನು ಇದ್ದೆನೆ, ಇರಲಿಲ್ಲವೆ? ಇದ್ದೆನಾದರೆ ಮನಸ್ಸು ನಾನಲ್ಲ. ಇರಲಿಲ್ಲವಾದರೆ ಬೆಳಗ್ಗೆ ಎದ್ದವನು ಯಾರು? ಎರಡು ಸಾವಿರ ವರ್ಷಗಳನ್ನೂ ಮೀರಿದ ವಾದಪರಂಪರೆಯೊಂದು ಈ ಪ್ರಶ್ನೆಯ ಸುತ್ತ ಬೆಳೆದಿದೆ. ಅದರಲ್ಲಿ ಕನ್ನಡನಾಡಿನವರ ಪಾಲು ಅಲ್ಪವಾದುದಲ್ಲ.

ವಾದವನ್ನು ಹಿಡಿಯುವುದಕ್ಕೆ ಮುನ್ನ, ಪ್ರಾಚೀನರು ಮನಸ್ಸೆಂದು ಯಾವುದನ್ನು ಕರೆದರೆಂಬುದನ್ನು ಸ್ವಲ್ಪ ವಿಚಾರಿಸಬೇಕು. 1641ರಲ್ಲಿ ಪ್ರಕಟವಾದ ‘ಮೆಡಿಟೇಷನ್ಸ್’ ಎಂಬ ಗ್ರಂಥದಲ್ಲಿ ಫ್ರಾನ್ಸಿನ ಡೆಕಾರ್ಟ್ ವಿಶ್ವವನ್ನು ಎರಡಾಗಿ ಭಾಗಿಸಿದಾಗ, ದೇಹಾದಿ ಜಡವಸ್ತುಗಳೆಲ್ಲ ಒಂದು ಕಡೆಗೂ, ಮನಸ್ಸು ಆತ್ಮಗಳೆರಡೂ ಒಂದಾಗಿ ಇನ್ನೊಂದು ಕಡೆಗೂ ನಿಂತವು. ನಮ್ಮವರಲ್ಲಿ ಬಹುಮಂದಿ ಗೆರೆಯನ್ನು ಬೇರೆಡೆಯಲ್ಲಿ ಎಳೆದರು: ದೇಹ, ಇಂದ್ರಿಯ, ಮನಸ್ಸು ಈ ಮೂರೂ ಕರಣಗಳ ಪಾಳಯಕ್ಕೆ ಸೇರಿದವು, ಅವುಗಳನ್ನು ಅರಿಯತಕ್ಕ ಆತ್ಮ ಮಾತ್ರ ಆಚೆಗೆ ಉಳಿಯಿತು. ಮನಸ್ಸು ಅನ್ನದಿಂದಾದುದು ಎಂದು ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯ ಹೇಳುವುದಷ್ಟೇ ಅಲ್ಲ, ಅದನ್ನು ಪ್ರಯೋಗದಿಂದ ತೋರಿಸಿಕೊಡುತ್ತದೆ. ಹನ್ನೆರಡು ವರ್ಷ ಗುರುಕುಲದಲ್ಲಿದ್ದು ಸಕಲ ವೇದಗಳನ್ನೂ ಕಲಿತು ಬಂದ ಮಗ ಶ್ವೇತಕೇತುವಿಗೆ ತಂದೆ ಉದ್ದಾಲಕನು, ಹದಿನೈದು ದಿನ ಅನ್ನವನ್ನು ಬಿಟ್ಟು ನೀರನ್ನು ಮಾತ್ರ ಕುಡಿದಿರು ಎನ್ನುತ್ತಾನೆ. ಹದಿನಾರನೆಯ ದಿನ ಬಂದು ನಿಂತ ಮಗನಿಗೆ ಋಕ್ಕಾಗಲಿ ಯಜುಸ್ಸಾಗಲಿ ಸಾಮವಾಗಲಿ ನೆನಪಿಗೆ ಬಾರದು. ಉಂಡು ಬಂದಮೇಲೆ ಎಲ್ಲವೂ ಮರಳಿ ಸ್ಫುರಿಸುತ್ತದೆ. ಮಗನ ಪಾಂಡಿತ್ಯದ ಗರ್ವ ಇಳಿಯಿತೆಂಬುದು ಕಥೆಯ ಒಂದು ಮುಖ. ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಇನ್ನೊಂದು: ಸ್ಮೃತಿ, ವಿದ್ಯೆ, ಮೇಧೆಗಳಂಥ ಅಮೂಲ್ಯ ಸಂಪತ್ತೆಲ್ಲವೂ ಊಟದ ಎಲೆಯ ಮೇಲೆ ಅವಲಂಬಿಸಿದೆಯೆಂದು ಒಪ್ಪಿಕೊಂಡ ಋಷಿಯು, ಹಾಗೆ ಒಪ್ಪಿಕೊಂಡೂ ಆತ್ಮದ ವಿಷಯವನ್ನು ಕೈಬಿಡದೆ ಮುಂದಕ್ಕೆ ಹೋದನು. ಮಿದುಳಿಗೆ ಪೆಟ್ಟಾದರೆ ನೆನಪು ಅಳಿಯುತ್ತದೆ, ಆದ್ದರಿಂದ ಆತ್ಮವಿಲ್ಲ ಎಂದು ಇಂದು ಹೇಳುವವರು, ಆ ಹೇತುವಿನ ಪೂರ್ವಾರ್ಧವನ್ನು ಉದ್ದಾಲಕನು ಆಗಲೇ ಅಂಗೀಕರಿಸಿದ್ದನೆಂಬುದನ್ನು ಗಮನಿಸತಕ್ಕದ್ದು.

ಈಶ್ವರಕೃಷ್ಣನ ‘ಸಾಂಖ್ಯಕಾರಿಕೆ’ಯು ಇದನ್ನೇ ಶಾಸ್ತ್ರದ ಕಟ್ಟಿನಲ್ಲಿ ಇಟ್ಟಿತು. ಅದು ಎಣಿಸುವ ಇಪ್ಪತ್ತೈದು ತತ್ತ್ವಗಳಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಮೂರೂ ಪ್ರಕೃತಿಯ ಪರಿಣಾಮಗಳು, ಎಂದರೆ ಮಣ್ಣು ನೀರುಗಳ ಬಂಧುಗಳು, ಪುರುಷನೊಬ್ಬನೇ ಚೇತನ. ಕೆಂಪು ದಾಸವಾಳದ ಪಕ್ಕದಲ್ಲಿರಿಸಿದ ಸ್ಫಟಿಕವು ತಾನೇ ಕೆಂಪಾದಂತೆ ತೋರುವ ಹಾಗೆ, ಮನಸ್ಸಿನ ಸುಖದುಃಖಗಳು ಸನ್ನಿಧಿಮಾತ್ರದಿಂದ ಪುರುಷನಲ್ಲಿರುವಂತೆ ಕಾಣುತ್ತವೆಂದು ಈ ಮತದವರು ವಿವರಿಸುತ್ತಾರೆ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವರ ಮತದಲ್ಲಿ ಮನಸ್ಸು ಅಣುಪರಿಮಾಣದ ಒಂದು ಇಂದ್ರಿಯ. ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟದಿರುವುದೇ ಅದರ ಇರವಿಗೆ ಗುರುತು. ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನಗಳಾದರೋ ಮನಸ್ಸಿನವಲ್ಲ, ಆತ್ಮದ ಗುಣಗಳೇ. ಕಾಮ, ಸಂಕಲ್ಪ, ಸಂಶಯ, ಲಜ್ಜೆ, ಭಯ ಮೊದಲಾದುವನ್ನೆಲ್ಲ ಬೃಹದಾರಣ್ಯಕವು ಮನಸ್ಸೆಂದೇ ಹೇಳಿದ್ದರಿಂದ ವೇದಾಂತಿಗಳು ಸಾಂಖ್ಯರ ಕಡೆಗೆ ವಾಲಿದರು. ಹೀಗೆ ಆತ್ಮವು ಆಸೆಪಡುತ್ತದೆಯೋ, ಆಸೆಯನ್ನು ನೋಡುತ್ತದೆಯೋ ಎಂಬಲ್ಲಿ ಆಸ್ತಿಕ ದರ್ಶನಗಳಲ್ಲಿಯೇ ಒಡಕು ಮೂಡಿತು. ಅದನ್ನು ತೂಗಿನೋಡುವ ತಕ್ಕಡಿಯಾಗಿ ಒದಗಿದ್ದು ನಿದ್ರೆ.

ಉಪನಿಷತ್ತುಗಳು ನಿದ್ರೆಯನ್ನು ಎಷ್ಟು ಬಗೆಯಾಗಿ ಪರೀಕ್ಷಿಸಿವೆಯೆಂಬುದು ವಿಸ್ಮಯವನ್ನುಂಟುಮಾಡುವ ಸಂಗತಿ. ಬೃಹದಾರಣ್ಯಕದಲ್ಲಿ, ಬ್ರಹ್ಮವನ್ನು ಉಪದೇಶಿಸುವೆನೆಂದು ಬೀಗಿ ಬಂದ ಗಾರ್ಗ್ಯನನ್ನು ಕಾಶಿಯ ದೊರೆ ಅಜಾತಶತ್ರುವು ಕೈಹಿಡಿದು ಒಬ್ಬ ನಿದ್ರಿತನ ಬಳಿಗೆ ಕರೆದೊಯ್ದು, ದೊಡ್ಡ ದೊಡ್ಡ ಹೆಸರುಗಳಿಂದ ಅವನನ್ನು ಕೂಗುತ್ತಾನೆ, ಅವನು ಏಳುವುದಿಲ್ಲ, ಕೈಯಿಂದ ಅಲುಗಿಸಿದಾಗ ಏಳುತ್ತಾನೆ. ಆಗ ದೊರೆಯು, ಅರಿವಿನಿಂದ ಕೂಡಿದ ಈ ಪುರುಷನು ಈವರೆಗೆ ಎಲ್ಲಿದ್ದನು, ಎಲ್ಲಿಂದ ಬಂದನು ಎಂದು ಕೇಳಿದರೆ ಗಾರ್ಗ್ಯನಲ್ಲಿ ಉತ್ತರವಿಲ್ಲ. ಅದೇ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಜನಕನಿಗೆ, ಆ ನೆಲೆಯಲ್ಲಿ ತಂದೆಯು ತಂದೆಯಲ್ಲ, ಕಳ್ಳನು ಕಳ್ಳನಲ್ಲ ಎಂದು ವರ್ಣಿಸಿ, ನೋಡತಕ್ಕ ಎರಡನೆಯದೊಂದು ಇಲ್ಲದಿರುವುದರಿಂದ ಅಲ್ಲಿ ನೋಟವಿಲ್ಲವೇ ಹೊರತು ನೋಡುವವನು ನಾಶವಾದುದರಿಂದಲ್ಲ ಎಂದು ನಿರ್ಣಯಿಸುತ್ತಾನೆ. ಆದರೆ ಛಾಂದೋಗ್ಯದ ಎಂಟನೆಯ ಅಧ್ಯಾಯದಲ್ಲಿ ಇಂದ್ರನು ಎತ್ತುವ ಆಕ್ಷೇಪ ಇವೆಲ್ಲಕ್ಕಿಂತ ಹರಿತವಾದುದು. ನೀರಿನಲ್ಲಿ ಕಂಡ ತನ್ನ ಪ್ರತಿಬಿಂಬವೇ ಆತ್ಮವೆಂದು ತೃಪ್ತನಾಗಿ ವಿರೋಚನನು ಹಿಂದಿರುಗಿದ ಮೇಲೆ, ಒಬ್ಬನೇ ಮರಳಿ ಮರಳಿ ಬಂದು ಪ್ರಜಾಪತಿಯ ಬಳಿ ಬ್ರಹ್ಮಚರ್ಯವನ್ನು ನಡೆಸಿದ ಇಂದ್ರನು, ಗಾಢನಿದ್ರೆಯಲ್ಲಿರುವವನೇ ಆತ್ಮವೆಂಬ ಉಪದೇಶವನ್ನು ಕೇಳಿ ಹೊರಟವನು, ಅರ್ಧದಾರಿಯಲ್ಲಿ ನಿಂತುಬಿಡುತ್ತಾನೆ: ಆ ಸ್ಥಿತಿಯಲ್ಲಿ ಇವನು ತಾನಾರೆಂದು ಅರಿಯನು, ಇತರರನ್ನೂ ಅರಿಯನು, ವಿನಾಶವನ್ನೇ ಹೊಂದಿದಂತಿರುವನು, ಇದರಲ್ಲಿ ಭೋಗ್ಯವಾದುದೇನು? ಪ್ರಜಾಪತಿಯು ಅವನನ್ನು ಗದರಿಸುವುದಿಲ್ಲ. ಸರಿಯಾಗಿ ಹೇಳಿದೆಯೆಂದು ಒಪ್ಪಿ, ಇನ್ನೂ ಐದು ವರ್ಷ ಇರಿಸಿಕೊಂಡು, ಒಟ್ಟು ನೂರೊಂದು ವರ್ಷಗಳಾದ ಮೇಲೆ ಮುಂದಿನದನ್ನು ಹೇಳುತ್ತಾನೆ. ನಾಸ್ತಿಕನ ಬಾಯಿಂದ ಬರಬಹುದಾಗಿದ್ದ ಪ್ರಶ್ನೆಯನ್ನು ದೇವರಾಜನ ಬಾಯಿಂದಲೇ ಕೇಳಿಸಿ ಅದಕ್ಕೆ ಮರ್ಯಾದೆ ಕೊಟ್ಟ ಆ ಗ್ರಂಥಕರ್ತನ ಪ್ರಾಮಾಣಿಕತೆಯನ್ನು ನಾನು ಎಷ್ಟು ಕೊಂಡಾಡಿದರೂ ಸಾಲದು.

ಇಂದ್ರನ ಆಕ್ಷೇಪಕ್ಕೆ ಮುಂದಿನ ಆಚಾರ್ಯರೆಲ್ಲರೂ ಉತ್ತರ ಹುಡುಕಿದ್ದು ನಿದ್ರೆಯಿಂದೆದ್ದ ಮನುಷ್ಯನ ಒಂದು ಸಾಮಾನ್ಯ ಮಾತಿನಲ್ಲಿ. ‘ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಎಂದು ಅವನು ಹೇಳುತ್ತಾನಷ್ಟೆ. ಈ ಮಾತು ಸ್ಮರಣೆಯೋ, ಅನುಮಾನವೋ? ಅನುಮಾನವೇ ಎಂದರು ನೈಯಾಯಿಕರು: ಆತ್ಮಕ್ಕೆ ಜ್ಞಾನವು ಹುಟ್ಟುವುದು ಮನಸ್ಸಿನ ಸಂಯೋಗದಿಂದ, ನಿದ್ರೆಯಲ್ಲಿ ಆ ಸಂಯೋಗವು ತಪ್ಪುವುದರಿಂದ ಆತ್ಮವಿದ್ದರೂ ಅರಿವಿಲ್ಲ, ಎದ್ದಮೇಲೆ ಮೈಯ ಹಗುರವನ್ನು ಕಂಡು ಸುಖವಾಗಿ ನಿದ್ರಿಸಿದೆನೆಂದೂ, ಏನೂ ನೆನಪಾಗದ್ದರಿಂದ ಏನೂ ಅರಿಯಲಿಲ್ಲವೆಂದೂ ಊಹಿಸಿಕೊಳ್ಳುತ್ತೇವೆ. ನೋಡುವುದಕ್ಕೆ ಅಚ್ಚುಕಟ್ಟಾದ ಸಮಾಧಾನ. ಆದರೆ ನೆನಪಾಗಲಿಲ್ಲ, ಆದ್ದರಿಂದ ಅರಿತಿರಲಿಲ್ಲ ಎಂಬ ವ್ಯಾಪ್ತಿ ನಿಲ್ಲತಕ್ಕದ್ದಲ್ಲ. ನಿನ್ನೆ ದಾರಿಯಲ್ಲಿ ಕಂಡ ನೂರು ಮುಖಗಳು ಇಂದು ನೆನಪಿನಲ್ಲಿಲ್ಲ, ಆದರೂ ಅವುಗಳನ್ನು ಕಂಡದ್ದು ಸುಳ್ಳಲ್ಲ. ಸ್ಮರಣೆಯೇ ಎಂದರು ಯೋಗಮತದವರು; ಪತಂಜಲಿಯು ಚಿತ್ತದ ಐದು ವೃತ್ತಿಗಳಲ್ಲಿ ನಿದ್ರೆಯನ್ನೂ ಒಂದಾಗಿ ಎಣಿಸಿದ್ದರಿಂದ, ಅವರಿಗೆ ಗಾಢನಿದ್ರೆಯಲ್ಲಿಯೂ ಮನಸ್ಸು ಸಂಪೂರ್ಣವಾಗಿ ಅಳಿದಿಲ್ಲ. ಶಂಕರರ ತರುವಾಯದ ಅದ್ವೈತಿಗಳಲ್ಲಿ, ಪ್ರಕಾಶಾತ್ಮರ ವಿವರಣದ ಪರಂಪರೆಯವರು, ಮನಸ್ಸು ಲಯವಾಗಿದ್ದರೂ ಭಾವರೂಪವಾದ ಅವಿದ್ಯೆಯು ಅಲ್ಲಿ ಉಳಿದಿದ್ದು, ಸಾಕ್ಷಿಚೈತನ್ಯವು ಅದನ್ನೂ ಸುಖವನ್ನೂ ಬೆಳಗುತ್ತಿರುತ್ತದೆಂದೂ, ಬೆಳಗಿನ ಮಾತು ಆ ಅನುಭವದ ಸ್ಮರಣೆಯೆಂದೂ ಸಾಧಿಸಿದರು. ಇಲ್ಲಿ ಒಂದು ತೊಡಕಿದೆ. ಸ್ಮರಣೆಗೆ ಸಂಸ್ಕಾರ ಬೇಕು, ಸಂಸ್ಕಾರಕ್ಕೆ ಆಶ್ರಯವಾಗಿ ಮನಸ್ಸು ಬೇಕು; ಮನಸ್ಸೇ ಇಲ್ಲದಲ್ಲಿ ಸಂಸ್ಕಾರವು ಯಾವುದರ ಮೇಲೆ ಬೀಳಬೇಕು? ಅವಿದ್ಯೆಗೇ ಸೂಕ್ಷ್ಮವೃತ್ತಿಗಳನ್ನು ಕಲ್ಪಿಸಿ ಅವರು ಇದನ್ನು ಪರಿಹರಿಸಿಕೊಂಡರು. ಪರಿಹಾರವು ಚತುರವಾಗಿದೆ, ನನ್ನ ಮನಸ್ಸಿಗೆ ಪೂರ್ಣವಾಗಿ ಒಪ್ಪಿಗೆಯಾಗಿಲ್ಲ.

ಮೇಲುಕೋಟೆಯಲ್ಲಿ ಬಹುಕಾಲ ನೆಲಸಿ ಕನ್ನಡಿಗರಿಗೂ ಆಚಾರ್ಯರಾದ ರಾಮಾನುಜರು ಇದೇ ಮಾತನ್ನು ಬೇರೆ ತೆರನಾಗಿ ಬಿಡಿಸಿದರು. ‘ನಾನು’ ಎಂಬುದು ಅಹಂಕಾರದ ಕಾರ್ಯವೆಂದೂ, ನಿದ್ರೆಯಲ್ಲಿ ಅದಿಲ್ಲವೆಂದೂ ಅದ್ವೈತಿ ಹೇಳಿದರೆ, ನಾನೆಂಬ ಅರ್ಥವೇ ಆತ್ಮವೆಂಬುದು ಇವರ ಸಿದ್ಧಾಂತ. ಹಾಗಾದರೆ ನಿದ್ರೆಯಲ್ಲಿ ನನ್ನನ್ನೂ ನಾನು ಅರಿಯಲಿಲ್ಲವೆಂದು ಜನ ಹೇಳುವುದುಂಟಲ್ಲ ಎಂಬ ಪ್ರಶ್ನೆಗೆ ಶ್ರೀಭಾಷ್ಯವು ಕೊಡುವ ಉತ್ತರ ಅತ್ಯಂತ ಸೂಕ್ಷ್ಮವಾದುದು: ಅರಿಯಲ್ಪಡದ ‘ನನ್ನನ್ನು’ ಎಂಬುದು ಕುಲ, ಜಾತಿ ಮುಂತಾದುವುಗಳಿಂದ ಕೂಡಿದ ಎಚ್ಚರದ ವ್ಯಕ್ತಿ, ಅರಿಯದೆ ಉಳಿದ ‘ನಾನು’ ಎಂಬುದು ಆ ವಿಶೇಷಣಗಳೆಲ್ಲ ಕಳಚಿದ ಆತ್ಮ. ಒಂದೇ ವಾಕ್ಯದೊಳಗೆ ಮನಸ್ಸು ಹೊರಿಸಿದ ‘ನಾನು’ ಮತ್ತು ಮನಸ್ಸಿಲ್ಲದೆಯೂ ಇರುವ ‘ನಾನು’ ಎರಡನ್ನೂ ಬೇರ್ಪಡಿಸಿ ತೋರಿಸಿದ ಈ ವಿಶ್ಲೇಷಣೆಗೆ ಸಾಟಿಯಾದುದು ವಿರಳ.

ಉಡುಪಿಯ ಮಧ್ವಾಚಾರ್ಯರು ಒತ್ತು ಕೊಟ್ಟದ್ದು ‘ಇಷ್ಟು ಹೊತ್ತು’ ಎಂಬ ಪದಕ್ಕೆ. ಕಣ್ಣು ಕಿವಿಗಳೂ ಮನಸ್ಸೂ ಅಡಗಿದ್ದಾಗ ಕಾಲವು ಕಳೆಯಿತೆಂಬುದನ್ನು ಅರಿತದ್ದು ಯಾವುದು? ಜೀವನ ಸ್ವರೂಪವೇ ಆದ ಒಂದು ಇಂದ್ರಿಯವುಂಟು, ಅದು ಸಾಕ್ಷಿ. ಕಾಲವನ್ನೂ, ಸುಖದುಃಖಗಳನ್ನೂ, ತನ್ನನ್ನೂ ಅದು ನೇರವಾಗಿ ಅರಿಯುತ್ತದೆ ಎಂಬುದು ಅವರ ಮತ. ಮನಸ್ಸಾದರೋ ಕಣ್ಣುಕಿವಿಗಳಂತೆಯೇ ಜಡವಾದ ಇಂದ್ರಿಯ. ಅದು ಸಂಶಯಪಡುತ್ತದೆ, ಭ್ರಮೆಗೊಳ್ಳುತ್ತದೆ. ಹಗ್ಗವೋ ಹಾವೋ ಎಂದು ಸಂಶಯಿಸುವವನು, ನನಗೆ ಸಂಶಯವಿದೆಯೋ ಇಲ್ಲವೋ ಎಂದು ಸಂಶಯಿಸುವುದಿಲ್ಲ. ನೋಯುತ್ತಿರುವವನು ನೋವಿದೆಯೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳಿಕೊಂಡು ಬರುವುದಿಲ್ಲ. ಒಂದು ಜ್ಞಾನದ ಪ್ರಾಮಾಣ್ಯಕ್ಕೆ ಇನ್ನೊಂದು ಜ್ಞಾನ, ಅದಕ್ಕೆ ಮತ್ತೊಂದು ಎಂದು ಹೋದರೆ ಕೊನೆಯೇ ಇಲ್ಲವಾದ್ದರಿಂದ, ಎಲ್ಲಿಯೋ ಒಂದೆಡೆ ಸಂಶಯಕ್ಕೆ ಎಡೆಗೊಡದ ಅರಿವೊಂದು ನಿಲ್ಲಲೇಬೇಕು. ಆ ನಿಲುಗಡೆಯೇ ಸಾಕ್ಷಿ. ಮಧ್ವರ ‘ಅನುವ್ಯಾಖ್ಯಾನ’ಕ್ಕೆ ‘ನ್ಯಾಯಸುಧಾ’ ಎಂಬ ಟೀಕೆಯನ್ನು ರಚಿಸಿದ ಜಯತೀರ್ಥರೂ, ವಿಜಯನಗರ ಕಾಲದ ವ್ಯಾಸತೀರ್ಥರೂ ಈ ವಿಚಾರವನ್ನು ಬೆಳೆಸಿದರು. ಇವರನ್ನು ಕೇವಲ ಮತಪ್ರವರ್ತಕರೆಂದು ಪೂಜಿಸಿ, ಇವರ ಜ್ಞಾನಮೀಮಾಂಸೆಯನ್ನು ಮಠಗಳ ಪಾಠಶಾಲೆಗೆ ಬಿಟ್ಟುಬಿಟ್ಟದ್ದು ನಮ್ಮ ವಿದ್ಯಾವಂತ ಸಮಾಜದ ಔದಾಸೀನ್ಯವೆಂದೇ ನಾನು ಹೇಳುತ್ತೇನೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು ಸೀಮೆಯಲ್ಲಿ ಈ ಚರ್ಚೆಗೆ ಮರುಹುಟ್ಟು ದೊರೆಯಿತು. ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಅವಸ್ಥಾತ್ರಯದ ಪರೀಕ್ಷೆಯೇ ವೇದಾಂತದ ಮುಖ್ಯವಿಧಾನವೆಂದು ಮೈಸೂರಿನಲ್ಲಿ ವಿ. ಸುಬ್ರಹ್ಮಣ್ಯ ಅಯ್ಯರ್ ಅವರು ಬೋಧಿಸುತ್ತಿದ್ದರು, ಕೆ. ಎ. ಕೃಷ್ಣಸ್ವಾಮಿ ಅಯ್ಯರ್ ಅವರು ಇದೇ ತಳಹದಿಯ ಮೇಲೆ ವೇದಾಂತವನ್ನು ಸತ್ಯದ ವಿಜ್ಞಾನವೆಂದು ನಿರೂಪಿಸುವ ಇಂಗ್ಲಿಷ್ ಗ್ರಂಥವನ್ನು 1930ರಲ್ಲಿ ಹೊರತಂದರು. ಇವರಿಗೆಲ್ಲ ಸಮಕಾಲೀನರಾದ ಯಲ್ಲಂಬಳಸೆ ಸುಬ್ರಹ್ಮಣ್ಯಶರ್ಮರು, 1920ರಲ್ಲಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿ, ಮುಂದೆ ಸಂನ್ಯಾಸವನ್ನು ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳೆಂದು ಹೊಳೆನರಸೀಪುರದಲ್ಲಿ ನೆಲೆನಿಂತರು. 1929ರಲ್ಲಿ ಪ್ರಕಟವಾದ ಅವರ ಸಂಸ್ಕೃತ ಗ್ರಂಥ ‘ಮೂಲಾವಿದ್ಯಾನಿರಾಸ’ವು, ನಿದ್ರೆಯಲ್ಲಿ ಭಾವರೂಪದ ಅವಿದ್ಯೆಯೊಂದು ಉಳಿದಿದೆಯೆಂಬುದು ಶಂಕರರ ಮಾತೇ ಅಲ್ಲ, ಟೀಕಾಕಾರರು ಬೆಳೆಸಿದ್ದು ಎಂದು ನೇರವಾಗಿ ಸಾರಿತು. ಅವಿದ್ಯೆಯೆಂದರೆ ಆತ್ಮಾನಾತ್ಮಗಳನ್ನು ಒಂದರಲ್ಲೊಂದು ಬೆರೆಸಿ ತಿಳಿಯುವ ಅಧ್ಯಾಸ. ಬೆರೆಸುವ ಮನಸ್ಸೇ ಇಲ್ಲದ ಸುಷುಪ್ತಿಯಲ್ಲಿ ಅದಕ್ಕೆ ಅವಕಾಶವೆಲ್ಲಿ? ನಿದ್ರೆಯನ್ನು ಎಚ್ಚರದ ದೃಷ್ಟಿಯಿಂದ ಅಳೆಯುವುದರಿಂದಲೇ ಅದು ಅಜ್ಞಾನದ ಕತ್ತಲೆಯೆಂದು ತೋರುತ್ತದೆ. ಅದರ ನೆಲೆಯಿಂದಲೇ ನೋಡಿದರೆ ಅಲ್ಲಿರುವುದು ಅದ್ವಯವಾದ ಆತ್ಮವೊಂದೇ. ಪಂಡಿತಮಂಡಲಿಯಲ್ಲಿ ತೀವ್ರ ವಿರೋಧವನ್ನು ಎದುರಿಸಿದರೂ, 1975ರಲ್ಲಿ ದೇಹವನ್ನು ಬಿಡುವವರೆಗೆ ಅವರು ಈ ನಿಲುವನ್ನು ಸಡಿಲಿಸಲಿಲ್ಲ. ಭಾಷ್ಯಗಳನ್ನೂ ಪ್ರಕರಣಗಳನ್ನೂ ತಿಳಿಗನ್ನಡದಲ್ಲಿ ಬರೆದು, ಸಂಸ್ಕೃತವನ್ನರಿಯದ ಸಾಮಾನ್ಯ ಓದುಗನಿಗೂ ಈ ಚರ್ಚೆಯ ಬಾಗಿಲನ್ನು ತೆರೆದರು. ಸ್ಮರಣೆಯ ಯುಕ್ತಿಯನ್ನೇ ಊರುಗೋಲಾಗಿ ಹಿಡಿಯದೆ ಮುನ್ನಡೆದ ಅವರ ಧೈರ್ಯ ನನಗೆ ಬಹಳ ಮೆಚ್ಚಿಗೆಯಾದುದು.

ಬೌದ್ಧರ ಉತ್ತರವನ್ನೂ ಇಲ್ಲಿ ನೆನೆಯಬೇಕು. ಥೇರವಾದದ ಅಭಿಧಮ್ಮವು ಕನಸಿಲ್ಲದ ನಿದ್ರೆಯಲ್ಲಿ ‘ಭವಂಗ’ವೆಂಬ ಚಿತ್ತಪ್ರವಾಹವು ಎಡೆಬಿಡದೆ ಹರಿಯುತ್ತಿರುತ್ತದೆಂದು ಹೇಳಿ, ಒಡೆಯನಿಲ್ಲದೆಯೂ ನೈರಂತರ್ಯವು ಸಾಧ್ಯವೆಂದು ವಾದಿಸಿತು. ಯುರೋಪಿನಲ್ಲಿಯೂ ನಿದ್ರೆಯು ಡೆಕಾರ್ಟನ ಮತಕ್ಕೆ ಮುಳ್ಳಾಯಿತು. ಚಿಂತನೆಯೇ ಆತ್ಮದ ಸ್ವರೂಪವಾದರೆ ಗಾಢನಿದ್ರೆಯಲ್ಲಿಯೂ ಚಿಂತನೆ ನಡೆಯುತ್ತಿರಬೇಕು. ಹಾಗೆ ಚಿಂತಿಸಿ ಮರುಕ್ಷಣವೇ ಮರೆತೆವೆಂಬುದಕ್ಕೆ ಆಧಾರವೇನೆಂದು ಆಂಗ್ಲ ದಾರ್ಶನಿಕ ಲಾಕ್ ಕೇಳಿದನು. ಗಮನಕ್ಕೆ ಬಾರದಷ್ಟು ಸೂಕ್ಷ್ಮವಾದ ಗ್ರಹಣಗಳು ಆಗಲೂ ಇರುತ್ತವೆಂದು ಜರ್ಮನಿಯ ಲೈಬ್ನಿಟ್ಸ್ ಅದಕ್ಕೆ ಉತ್ತರಿಸಿದನು. ಆ ಉತ್ತರವಿರುವ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡು ಬಹುಕಾಲವಾದ ಮೇಲೆ, 1765ರಲ್ಲಿ. ಮನಸ್ಸನ್ನೂ ಆತ್ಮವನ್ನೂ ಒಂದೇ ಎಂದು ಮೊದಲೇ ಕಟ್ಟಿಹಾಕಿದ್ದರಿಂದ ಇವರಿಬ್ಬರಿಗೂ, ಮನಸ್ಸಿಲ್ಲದ ಅರಿವು ಎಂಬ ಮೂರನೆಯ ದಾರಿ ಕಾಣಿಸಲಿಲ್ಲವೆಂಬುದು ನನ್ನ ಅಭಿಪ್ರಾಯ.

ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿದ ತನ್ನ ವರದಿಯನ್ನು ಪ್ರಕಟಿಸಿದ್ದು ಸಹ ‘ಮೂಲಾವಿದ್ಯಾನಿರಾಸ’ವು ಹೊರಬಂದ 1929ರಲ್ಲಿಯೇ. 1953ರಲ್ಲಿ ಅಮೆರಿಕದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅವರು, ನಿದ್ರೆಯಲ್ಲಿ ಕಣ್ಣಾಲಿಗಳು ಚುರುಕಾಗಿ ಚಲಿಸುವ ಘಟ್ಟಗಳಿಗೂ ಕನಸಿಗೂ ನಂಟಿರುವುದನ್ನು ಕಂಡುಹಿಡಿದರು. ಗಾಢನಿದ್ರೆಯಲ್ಲಿ ಮಿದುಳಿನ ತರಂಗಗಳು ನಿಧಾನವೂ ದೀರ್ಘವೂ ಆಗುತ್ತವೆಂಬುದು ಈಗ ಸರ್ವವಿದಿತ. ಈ ಯಂತ್ರಗಳು ಅಜಾತಶತ್ರುವಿನ ಕೈಗಿಂತ ಸಾವಿರಪಾಲು ಸೂಕ್ಷ್ಮವಾದವು. ಆದರೂ ಅವು ಹೇಳುವುದು ಮಲಗಿರುವವನ ಹೊರಗುರುತನ್ನೇ. ಒಳಗಿನದನ್ನು ತಿಳಿಯಬೇಕಾದರೆ ವಿಜ್ಞಾನಿಯೂ ನಿದ್ರಿತನನ್ನು ಎಬ್ಬಿಸಿ, ಈಗ ಏನಾಗುತ್ತಿತ್ತೆಂದು ಕೇಳಲೇಬೇಕು. ಹಾಗೆ ಎಬ್ಬಿಸಿದವರಲ್ಲಿ ಕೆಲವರು ಏನೂ ಇರಲಿಲ್ಲವೆನ್ನುತ್ತಾರೆ. ಕೆಲವರು ಏನೋ ಅನುಭವವಿತ್ತು, ಏನೆಂದು ಹೇಳಲಾರೆವೆನ್ನುತ್ತಾರೆ. ತತ್ತ್ವಜ್ಞ ಇವಾನ್ ಥಾಂಪ್ಸನ್ ಅವರು ನಿದ್ರೆ, ಕನಸು, ಎಚ್ಚರಗಳ ವಿಷಯವಾಗಿ ಬರೆದಿರುವ ಗ್ರಂಥದಲ್ಲಿ ಅದ್ವೈತ ಮತ್ತು ಯೋಗಗಳ ಸ್ಮರಣವಾದವನ್ನು ನರವಿಜ್ಞಾನದೊಡನೆ ಮುಖಾಮುಖಿಯಾಗಿಸಿರುವುದು ಸಂತೋಷದ ಸಂಗತಿ.

ಆದರೆ ನಮ್ಮ ಆಚಾರ್ಯರಿಗೆ ದೊರೆಯದಿದ್ದ ಒಂದು ಹೊಸ ಸಾಕ್ಷ್ಯವು ನಮಗೆ ದೊರೆತಿದೆ, ಅದನ್ನು ನಾವು ಸರಿಯಾಗಿ ವಿಚಾರಿಸಿಲ್ಲ. 1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಈಥರಿನಿಂದ ಪ್ರಜ್ಞೆ ತಪ್ಪಿಸಿ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದಂದಿನಿಂದ, ಔಷಧದ ಬಲದಿಂದ ಮನಸ್ಸನ್ನು ಅಡಗಿಸುವ ವಿದ್ಯೆ ಮನುಷ್ಯನ ಕೈವಶವಾಗಿದೆ. ಪೂರ್ಣ ಅರಿವಳಿಕೆಯಿಂದ ಎಚ್ಚೆತ್ತವರಲ್ಲಿ ಅನೇಕರು, ಈಗತಾನೆ ಕಣ್ಣು ಮುಚ್ಚಿದಂತಿತ್ತು, ನಡುವೆ ಹೊತ್ತೇ ಕಳೆದಂತೆ ತೋರಲಿಲ್ಲ ಎನ್ನುತ್ತಾರೆ. ನಿದ್ರೆಯಿಂದೆದ್ದವರು ಹೇಳುವ ‘ಇಷ್ಟು ಹೊತ್ತು’ ಎಂಬ ಮಾತೂ, ‘ಸುಖವಾಗಿ’ ಎಂಬ ಮಾತೂ ಅಲ್ಲಿಲ್ಲ. ಸಾಕ್ಷಿಯು ಎಂದಿಗೂ ನಿದ್ರಿಸದಿದ್ದರೆ ಆ ಗಂಟೆಗಳ ಕಾಲವನ್ನು ಅದು ಏಕೆ ಅರಿಯಲಿಲ್ಲ? ಇದು ಮಧ್ವಾನುಯಾಯಿಗಳೂ ಅದ್ವೈತಿಗಳೂ ಎದುರಿಸಲೇಬೇಕಾದ ಪ್ರಶ್ನೆ. ಉತ್ತರದ ಬೀಜ ಅವರ ಗ್ರಂಥಗಳಲ್ಲಿಯೇ ಇಲ್ಲದಿಲ್ಲ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಒಂದು ಸೂತ್ರವು ಮೂರ್ಛೆಗೇ ಮೀಸಲಾಗಿದ್ದು, ಅದನ್ನು ಸುಷುಪ್ತಿಯ ಅರೆಪಾಲನ್ನು ಮಾತ್ರ ಹೊಂದಿದ ಪ್ರತ್ಯೇಕ ಸ್ಥಿತಿಯೆಂದು ಎಣಿಸುತ್ತದೆ. ಶಂಕರರು ಅಲ್ಲಿ ವೈದ್ಯನ ಕಣ್ಣಿನಿಂದ ಎರಡರ ಭೇದವನ್ನು ಗುರುತಿಸುತ್ತಾರೆ: ನಿದ್ರಿತನ ಮುಖ ಪ್ರಸನ್ನ, ಉಸಿರು ಸಮ, ಕೈಯಿಂದ ಅಲುಗಿಸಿದರೆ ಏಳುವನು, ಮೂರ್ಛಿತನ ಮುಖ ವಿಕಾರ, ಮೈ ನಡುಕ, ಕೊಡತಿಯಿಂದ ಹೊಡೆದರೂ ಏಳನು.

ಮನಸ್ಸು ಅಡಗಿದ ಎಲ್ಲ ಸ್ಥಿತಿಗಳೂ ಒಂದೇ ಅಲ್ಲವೆಂಬ ಈ ವಿವೇಕವನ್ನು ಅವರು ಅಷ್ಟಕ್ಕೆ ನಿಲ್ಲಿಸಿದರು. ಮುಂದುವರಿಸುವ ಹೊಣೆ ನಮ್ಮದು. ಆತ್ಮವು ಮನಸ್ಸಿಗಿಂತ ಬೇರೆಯೆಂಬ ಪಕ್ಷದಲ್ಲಿಯೇ ನಾನು ನಿಲ್ಲುತ್ತೇನೆ. ಆದರೆ ಇಂದ್ರನು ಅರ್ಧದಾರಿಯಿಂದ ತಿರುಗಿ ಬಂದು ಕೇಳಿದಷ್ಟು ನಿಷ್ಠುರವಾಗಿ ಅರಿವಳಿಕೆಯ ಪ್ರಶ್ನೆಯನ್ನು ಕೇಳದೆ ಆ ಪಕ್ಷವನ್ನು ಸಿದ್ಧವಾಯಿತೆಂದು ಸಾರುವುದು ಸಲ್ಲದು. ಕನ್ನಡದಲ್ಲಿ ಶ್ರೀಭಾಷ್ಯ, ನ್ಯಾಯಸುಧೆ, ಹೊಳೆನರಸೀಪುರದ ಗ್ರಂಥಗಳನ್ನು ಓದಬಲ್ಲ ವಿದ್ವಾಂಸರೂ ಇದ್ದಾರೆ, ದಿನವೂ ರೋಗಿಗಳ ಪ್ರಜ್ಞೆಯನ್ನು ಅಡಗಿಸಿ ಮರಳಿಸುವ ಅರಿವಳಿಕೆಯ ವೈದ್ಯರೂ ಇದ್ದಾರೆ. ಇವರಿಬ್ಬರೂ ಒಂದೆಡೆ ಕುಳಿತು ಮೂರ್ಛೆಯ ಆ ಒಂದು ಸೂತ್ರಕ್ಕೆ ಕನ್ನಡದಲ್ಲಿ ಹೊಸ ವ್ಯಾಖ್ಯಾನವನ್ನು ಬರೆಯಲಿ ಎಂದು ವಿನಂತಿಸುತ್ತೇನೆ.